ವೊಡಾಫೋನ್ ಐಡಿಯಾ 7 ರೂಪಾಯಿಗೆ ಸಿಗ್ತಿದೆ, 40,000 ಹಾಕಬಹುದಾ?

ತೀರ್ಥಹಳ್ಳಿ ಹುಡುಗ (ಜುಲೈ 2025):
ಅಡಿಕೆ ದುಡ್ಡಲ್ಲಿ 40,000 ಉಳಿದಿದೆ. ಇದಕ್ಕೆ ಐದು ಸಾವಿರಕ್ಕೂ ಜಾಸ್ತಿ ಶೇರು ಬರುತ್ತದೆ. ಏರ್‌ಟೆಲ್ ಆದ್ರೆ ಇಪ್ಪತ್ತು, ಅಷ್ಟೇ. ನಮ್ಮ ಭಾವ ಕಳೆದ ವರ್ಷ ಎಫ್‌ಪಿಒದಲ್ಲಿ (ಕಂಪನಿ ಜನರಿಗೆ ಮತ್ತೆ ಹೊಸ ಶೇರು ಮಾರಿದಾಗ) 11ಕ್ಕೆ ತಗೊಂಡು ಈಗಲೂ ಇಟ್ಟುಕೊಂಡಿದ್ದಾರೆ. "ಸರಕಾರದ್ದೇ 49% ಇದೆ ಮಾರಾಯ, ಮುಳುಗೋಕೆ ಬಿಡಲ್ಲ" ಅನ್ನುತ್ತಾರೆ. ಒಂದಿನ ನೂರು ಆಗಲ್ವಾ? ಎರಡು ಮೂರು ವರ್ಷ ಕಾಯ್ತೀನಿ.

ಬುಲ್ ಬಸಣ್ಣ:
ತಗೊಂಡು ಮರೆತುಬಿಡಿ ಸರ್. ಸರಕಾರಕ್ಕೆ 10ಕ್ಕೆ ಸಿಕ್ಕಿದ್ದು ನಮಗೆ 7ಕ್ಕೆ ಸಿಗ್ತಿದೆ. ಜಿಯೋ, ಏರ್‌ಟೆಲ್ ಎರಡೇ ಉಳಿಯೋದು ಡೆಲ್ಲಿಯವರಿಗೂ ಬೇಡ.

ಲೆಕ್ಕದ ಭಟ್ರು:
ಬಸಣ್ಣ, ಸರಕಾರ ಜೇಬಿಂದ ಹತ್ತು ರೂಪಾಯಿ ಕೊಟ್ಟಿಲ್ಲ. ಬರಬೇಕಿದ್ದ ಬಾಕಿಯನ್ನೇ ಶೇರು ಮಾಡಿಕೊಂಡಿದೆ. 2023ರಲ್ಲಿ 16,133 ಕೋಟಿ, ಈ ಏಪ್ರಿಲ್‌ನಲ್ಲಿ 36,950 ಕೋಟಿ. ಮುಖಬೆಲೆ, ಅಂದ್ರೆ ಶೇರಿನ ಮೇಲೆ ನಮೂದಿಸಿದ ಬೆಲೆ, 10. ಅದಕ್ಕಿಂತ ಕಮ್ಮಿಗೆ ಹೊಸ ಶೇರು ಕೊಡಲು ಕಾನೂನು ಬಿಡಲ್ಲ, ಅದಕ್ಕೇ ಹತ್ತು.

ಈಗ ತೀರ್ಥಹಳ್ಳಿಯವರ ನೂರು ರೂಪಾಯಿ. ಕಂಪನಿಯ ಒಟ್ಟು ಶೇರು ಸುಮಾರು 10,800 ಕೋಟಿ. ಏಳರಿಂದ ಗುಣಿಸಿ, 75,000 ಕೋಟಿ ದಾಟುತ್ತದೆ. ಏಳು ರೂಪಾಯಿ ಅಂದ ಮಾತ್ರಕ್ಕೆ ಚಿಕ್ಕ ಕಂಪನಿ ಅಲ್ಲ. ನೂರು ಆಗಬೇಕಂದ್ರೆ 10.8 ಲಕ್ಷ ಕೋಟಿ ಬೆಲೆ ಬಾಳಬೇಕು. ಇವತ್ತಿನ ಏರ್‌ಟೆಲ್ ಹತ್ತಿರ ಹತ್ತಿರ ಅಷ್ಟಿದೆ. 2018ರಲ್ಲಿ ವೊಡಾಫೋನ್, ಐಡಿಯಾ ವಿಲೀನವಾದಾಗ ಇವರ ಹತ್ತಿರ 40 ಕೋಟಿ ಗಿರಾಕಿಗಳಿದ್ದರು, ಈಗ ಅದರ ಅರ್ಧ.

ಶೇರು ತಗೊಳ್ಳುವಾಗ ನಾವು ಎಷ್ಟು ಸಿಗುತ್ತದೆ ಅಂತ ನೋಡ್ತೀವಿ, ಎಷ್ಟು ಜನರ ಜೊತೆ ಹಂಚಿಕೊಳ್ಳಬೇಕು ಅಂತ ನೋಡಲ್ಲ. ಬಾಕಿ ಶೇರಾದಾಗಲೆಲ್ಲ ನಿಮ್ಮ ಪಾಲು ತೆಳ್ಳಗಾಗುತ್ತದೆ. ಸರಕಾರಕ್ಕೆ ಕೊಡಬೇಕಾದ್ದು ಇನ್ನೂ ಎರಡು ಲಕ್ಷ ಕೋಟಿ ಹತ್ತಿರ ಇದೆ.

ತೀರ್ಥಹಳ್ಳಿ ಹುಡುಗ:
ಆದ್ರೆ ಮುಳುಗಲ್ಲ ಅನ್ನೋದು ನಿಜ ಅಲ್ವಾ ಭಟ್ರೇ?

ಲೆಕ್ಕದ ಭಟ್ರು:
ಕಂಪನಿ ಮುಳುಗದೇ ಇರಬಹುದು. ಶೇರುದಾರರನ್ನೂ ಉಳಿಸ್ತೀವಿ ಅಂತ ಯಾರೂ ಹೇಳಿಲ್ಲ. 2020ರಲ್ಲಿ ಯೆಸ್ ಬ್ಯಾಂಕ್ ಉಳಿಯಿತು, ಠೇವಣಿದಾರರ ಹಣವೂ ಉಳಿಯಿತು. ಆದ್ರೆ 2018ರಲ್ಲಿ 400 ಹತ್ತಿರ ಇದ್ದ ಶೇರಿನ ಕಥೆ ನೋಡಿ. ಎಸ್‌ಬಿಐ 10ಕ್ಕೆ ಶೇರು ತಗೊಂಡು ಒಳಗೆ ಬಂತು. ಹಳಬರಲ್ಲಿ ನೂರಕ್ಕಿಂತ ಜಾಸ್ತಿ ಶೇರು ಇದ್ದವರದ್ದು ಮುಕ್ಕಾಲು ಪಾಲು ಮೂರು ವರ್ಷ ಲಾಕ್, ಮಾರೋ ಹಾಗಿಲ್ಲ!

ಹಾಕಲೇಬೇಕು ಅಂದ್ರೆ 2026ರ ಮಾರ್ಚ್ ಮೇಲೆ ಕಣ್ಣಿಡಿ. ಆಗ ಎಜಿಆರ್ (ಆದಾಯದಲ್ಲಿ ಸರಕಾರಕ್ಕೆ ಕೊಡಬೇಕಾದ ಪಾಲಿನ ಹಳೇ ಬಾಕಿ) ಕಂತು 16,000 ಕೋಟಿಗೂ ಜಾಸ್ತಿ ಕಟ್ಟಬೇಕು. ಇವರು ಕಳೆದ ವರ್ಷ ದುಡಿದದ್ದು, ಅದೂ ಬಡ್ಡಿಗೆ ಮುಂಚೆ, 9,000 ಕೋಟಿ ಚಿಲ್ಲರೆ. ಈ ಕಂತಿನಲ್ಲಿ ರಿಯಾಯಿತಿ ಸಿಗುತ್ತದಾ, ಮತ್ತೆ ಶೇರಾಗಿ ಬದಲಾಗುತ್ತದಾ ಅನ್ನೋದರ ಮೇಲೇ ಆಟ. ಮಾರ್ಚ್‌ವರೆಗೆ ಎಫ್‌ಡಿಯಲ್ಲಿರಲಿ ಬಿಡಿ.

ಬುಲ್ ಬಸಣ್ಣ:
ಅಷ್ಟರಲ್ಲಿ ರಿಯಾಯಿತಿ ಸುದ್ದಿ ಬಂದು 12 ಆದ್ರೆ?

ಲೆಕ್ಕದ ಭಟ್ರು:
ಆದ್ರೆ ಆಗಲಿ, ಇವರ ಭಾವ ಖುಷಿಯಾಗಿ ಮಾರ್ತಾರೆ.