ಜಾತ್ರೆ ಕುಸ್ತಿಯಲ್ಲಿ ‘ಚಿತ್’ ಅಂತ ಯಾವಾಗ ಕೂಗಬೇಕು?

ಹಾವೇರಿ ಕಡೆಯಿಂದ ಕೇಳಿದವರು: ನಮ್ಮೂರ ಜಾತ್ರೆ ಕುಸ್ತಿಗೆ ಈ ಸಲ ನನ್ನ ಕೈಗೆ ಮೈಕು ಕೊಟ್ಟಿದ್ದಾರೆ. ಸೋತವರನ್ನೆಲ್ಲ ‘ಚಿತ್’ ಅಂದರೆ ನಡೆಯುತ್ತಾ? ಅದು ‘ಚಿತ್ತ’ದಿಂದ ಬಂದ ಪದ, ಸೋತವನ ಮನಸ್ಸು ಮುರೀತು ಅಂತ ಅರ್ಥ ಅಂತ ಒಬ್ಬರು ಹೇಳಿದರು. ಗೊತ್ತಿದ್ದವರು ಹೇಳ್ರಿ.

ಧಾರವಾಡದಿಂದ: ಚಿತ್ತಕ್ಕೂ ಇದಕ್ಕೂ ಸಂಬಂಧ ಇಲ್ಲರೀ. ಹಿಂದಿಯಲ್ಲಿ ಚಿತ್ ಅಂದರೆ ಅಂಗಾತ, ಮುಖ ಮೇಲೆ ಮಾಡಿ ಬಿದ್ದಿರೋದು. ಅದರ ಜೋಡಿ ಪದ ಪಟ್, ಅಂದರೆ ಬೋರಲು. ನಾಣ್ಯ ಚಿಮ್ಮಿದಾಗಲೂ ಅವರು ಚಿತ್ತೋ ಪಟ್ಟೋ ಅಂತಾನೇ ಕೇಳುತ್ತಾರೆ. ನಾನು ಹುಡುಗನಿದ್ದಾಗ ಗರಡಿಗೆ ಹೋಗುತ್ತಿದ್ದೆ. ಮೊದಲನೇ ವಾರ ಒಬ್ಬ ಎತ್ತಿ ಒಗೆದ, ಬೋರಲು ಬಿದ್ದೆ, ಬಾಯಿ ತುಂಬ ಕೆಂಪು ಮಣ್ಣು, ಮುಗೀತು ಅಂದುಕೊಂಡು ಉಗುಳುತ್ತಾ ಎದ್ದು ಹೊರಟರೆ ಉಸ್ತಾದರು ಬೈದರು: ‘ಬೆನ್ನಿಗೆ ಮಣ್ಣ ಹತ್ತೇತೇನು? ಮತ್ತ ಹಿಡಿ!’ ಮಾತಿನಲ್ಲಿ ಮಣ್ಣು ಮುಕ್ಕಿದ ಅಂದರೆ ಸೋತ ಅಂತಲೇ ಅರ್ಥ, ಅಲ್ವಾ? ಗರಡಿಯಲ್ಲಿ ಮಾತ್ರ ಮಣ್ಣು ಮುಕ್ಕಿದವನಿಗೆ ಇನ್ನೂ ಆಟ ಉಳಿದಿರುತ್ತೆ. ಬೆನ್ನು ನೆಲಕ್ಕೆ ಹತ್ತಬೇಕು, ಆಗಲೇ ಚಿತ್.

ಗದಗದಿಂದ: ಮೇಲಿನವರ ಮಾತು ಖರೆ. ಇನ್ನೊಂದು, ಕರಪತ್ರ ನೋಡಿಕೊಳ್ಳಿ. ‘ಜಂಗೀ ನಿಕಾಲಿ ಕುಸ್ತಿ’ ಅಂತಿದ್ದರೆ ಬೆನ್ನು ಹತ್ತೋವರೆಗೂ ಆಟ. ಮ್ಯಾಟ್ ಮೇಲಿನ ಕುಸ್ತಿ ಬೇರೆ, ಅಲ್ಲಿ 3 ನಿಮಿಷದ 2 ಸುತ್ತು. ಎರಡೂ ಭುಜ ನೆಲಕ್ಕೆ ಒತ್ತಿದರೆ ಅಲ್ಲಿಗೇ ಮುಗೀತು, ಇಲ್ಲಾಂದರೆ ಪಾಯಿಂಟ್ ಲೆಕ್ಕ. ಪಾಯಿಂಟ್ ಮೇಲೆ ಸೋತ ಹುಡುಗನನ್ನು ನಾನೊಮ್ಮೆ ಜೋಶ್‌ನಲ್ಲಿ ಚಿತ್ ಅಂದುಬಿಟ್ಟೆ. ಅವನ ಕಾಕಾ ಸೀದಾ ಮೈಕಿನ ಹತ್ತಿರ ಬಂದು, ನಮ್ಮ ಹುಡುಗನ ಬೆನ್ನು ಯಾವಾಗ ನೋಡಿದಿ ಅಂತ ಕೇಳಿದರು. ತಪ್ಪಾತು ಅಂದೆ, ಮತ್ತೇನು ಹೇಳೋದು.

ಹುಬ್ಬಳ್ಳಿಯಿಂದ: ಕುಸ್ತಿ ನನಗೆ ಗೊತ್ತಿಲ್ಲ, ಪರೀಕ್ಷೆಯಲ್ಲಿ ಸೋಲೋದು ಚೆನ್ನಾಗಿ ಗೊತ್ತು. ಗೋತಾ ಹೊಡೆಯೋದು, ಡುಮ್ಕಿ ಹೊಡೆಯೋದು, ಎರಡೂ ನೀರಿನ ಪದಗಳು. ಹಿಂದಿಯ ಗೋತಾ, ಡುಬ್ಕಿ ಎರಡಕ್ಕೂ ಮುಳುಗು ಹಾಕೋದು ಅಂತಲೇ ಅರ್ಥ. ನಮ್ಮಪ್ಪ ಮಾತ್ರ ‘ನಪಾಸು’ ಅನ್ನುತ್ತಿದ್ದರು. ಅದು ಮರಾಠಿಯ ನಾಪಾಸ್. 1956ರವರೆಗೂ ನಾವು ಮುಂಬೈ ರಾಜ್ಯದಲ್ಲೇ ಇದ್ದೆವಲ್ಲ, ಆ ಪದ ಇಲ್ಲೇ ಉಳೀತು. ನನ್ನ ಪಿಯುಸಿ ಪುಣ್ಯದಿಂದ ನಮ್ಮ ಮನೆಯಲ್ಲಿ ಮೂರೂ ಬಳಕೆಯಲ್ಲಿದ್ದವು. ಚಿತ್ ಅಂತ ಯಾರೂ ಅನ್ನಲಿಲ್ಲ, ಅಷ್ಟರ ಮಟ್ಟಿಗೆ ಮರ್ಯಾದೆ.

ಕೇಳಿದವರು: ಕರಪತ್ರದಲ್ಲಿ ನಿಕಾಲಿ ಅಂತಾನೇ ಇದೆ. ಆದರೆ ಮೈಕು ಇಡೋ ಜಾಗ ದೂರ, ಬೆನ್ನು ಹತ್ತಿದ್ದು ಅಲ್ಲಿಂದ ಕಾಣಲ್ಲ.

ಧಾರವಾಡದಿಂದ: ಪಂಚರು ಗೆದ್ದವನ ಕೈ ಎತ್ತೋತನಕ ಸುಮ್ನಿರ್ರಿ.