ಬೇನೆ ಸೊಂಟಕ್ಕೇ ಬಂದರೆ ಎಲ್ಲಿ, ಹೇಗೆ ಒತ್ತಬೇಕು?

ತುಮಕೂರು_ಅತ್ತಿಗೆ
ನಾದಿನಿಗೆ ಮೊದಲ ಹೆರಿಗೆ, 38 ವಾರ. ತೋರಿಸುತ್ತಿರುವ ತಾಲ್ಲೂಕು ಆಸ್ಪತ್ರೆಯಲ್ಲಿ ಎಪಿಡ್ಯೂರಲ್ (ನೋವು ಗೊತ್ತಾಗದಂತೆ ಬೆನ್ನಿಗೆ ಕೊಡುವ ಮದ್ದು) ಇಲ್ಲ. ಮಗುವಿನ ತಲೆ ಕೆಳಗಿದೆ, ಆದರೆ ಅದರ ಬೆನ್ನು ತಾಯಿಯ ಬೆನ್ನಿನ ಕಡೆಗಿದೆ, ಬೇನೆ ಸೊಂಟಕ್ಕೇ ಹೆಚ್ಚು ಬರಬಹುದು ಅಂದಿದ್ದಾರೆ. ಲೇಬರ್ ರೂಮಿಗೆ ಜೊತೆಗೆ ಹೋಗುವುದು ನಾನೇ. ಎಲ್ಲಿ ಒತ್ತಬೇಕು? ಬಿಸಿನೀರಿನ ಚೀಲ ಇಡಬಹುದಾ? ಬರ್ತ್ ಬಾಲ್ (ಬೇನೆಯಲ್ಲಿ ಮೇಲೆ ಕೂರುವ ದೊಡ್ಡ ಗಾಳಿಚೆಂಡು) ಯಾವ ಸೈಜು ತರಬೇಕು?

ಫಿಸಿಯೋ_ಹುಬ್ಬಳ್ಳಿ
ಸೊಂಟದ ಕೆಳಗೆ ಎರಡು ಪಕ್ಕದಲ್ಲೂ ಸಣ್ಣ ಗುಳಿ ಕಾಣುತ್ತವಲ್ಲ, ಅವುಗಳ ನಡುವೆ, ಸ್ವಲ್ಪ ಕೆಳಗಿರುವ ಚಪ್ಪಟೆ ಮೂಳೆಯ ಮೇಲೆ ಒತ್ತಬೇಕು. ಮೇಲಿನ ಬೆನ್ನುಮೂಳೆಯ ಮೇಲೂ ಬೇಡ, ತೀರಾ ತುದಿಯ ಮೂಳೆಯ ಮೇಲೂ ಬೇಡ. ಅವರು ಮಂಚ ಹಿಡಿದು ಮುಂದಕ್ಕೆ ಬಾಗಲಿ. ನೀವು ಹಿಂದೆ ನಿಂತು, ಅಂಗೈಯ ಬುಡ ಊರಿ, ಮೊಣಕೈ ನೆಟ್ಟಗಿಟ್ಟು ಮೈಭಾರ ಬಿಡಿ. ತೋಳಿನ ಬಲದಿಂದ ಒತ್ತಿದರೆ ಹತ್ತು ಬೇನೆಗೇ ಕೈ ಸೋತುಹೋಗುತ್ತದೆ. ಬೇನೆ ಏರುವಾಗಲೇ ಶುರು ಮಾಡಿ, ಇಳಿಯುವವರೆಗೂ ಒಂದೇ ಸಮ ಇರಲಿ. ತುತ್ತತುದಿಗೆ ಬಂದ ಮೇಲೆ ಕೈ ಹಾಕಿದರೆ ಉಪಯೋಗ ಕಡಿಮೆ. ಬಹಳ ಸಲ ಅವರು "ಇನ್ನೂ ಜೋರಾಗಿ" ಅನ್ನುತ್ತಾರೆ, ಹೆದರಬೇಡಿ. ಉಜ್ಜುತ್ತಾ ಇದ್ದರೆ ಚರ್ಮ ಕೆಂಪಾಗಿ ಉರಿಯುತ್ತದೆ, ಅದಕ್ಕೇ ಉಜ್ಜುವುದಲ್ಲ, ಒತ್ತುವುದು.

ಇದು ಸಾಲದಿದ್ದರೆ ಎರಡೂ ಅಂಗೈಯನ್ನು ಪಿರ್ರೆಯ ಮೇಲ್ಭಾಗದ ಅಕ್ಕಪಕ್ಕ ಇಟ್ಟು ಒಳಕ್ಕೂ ಮೇಲಕ್ಕೂ ಅಮುಕಿ.

ಮಧ್ಯಮ ಎತ್ತರದವರಿಗೆ 65 ಸೆಂ.ಮೀ. ಬಾಲ್ ಸರಿ. ಕೂತಾಗ ಮಂಡಿ ಸೊಂಟಕ್ಕಿಂತ ಸ್ವಲ್ಪ ಕೆಳಗಿರಬೇಕು. ಮೇಲಿದ್ದರೆ ಬಾಲ್ ಚಿಕ್ಕದು, ಇಲ್ಲವೇ ಗಾಳಿ ಸಾಲದು. ಟೈಲ್ಸ್ ನೆಲದ ಮೇಲೆ ಜಾರುತ್ತದೆ, ಯಾರಾದರೂ ಪಕ್ಕದಲ್ಲಿರಲೇಬೇಕು. ಆಸ್ಪತ್ರೆಯವರು ಒಳಗೆ ಬಿಡದಿದ್ದರೆ ಕುರ್ಚಿಗೆ ಹಿಂದುಮುಂದಾಗಿ ಕೂತು ಬೆನ್ನೊರಗಿನ ಮೇಲೆ ತಲೆಯಿಟ್ಟರೂ ನಡೆಯುತ್ತದೆ. ಮಂಡಿ, ಅಂಗೈ ಊರಿ ಇರುವುದು ಸೊಂಟನೋವಿಗೆ ಒಳ್ಳೆಯದು. ಮಗು ಅದರಿಂದಲೇ ತಿರುಗುತ್ತದೆ ಅಂತ ಭರವಸೆ ಇಟ್ಟುಕೊಳ್ಳಬೇಡಿ.

ಸಿಸ್ಟರ್_ಲೇಬರ್‌ವಾರ್ಡ್
ಬಿಸಿನೀರಿನ ಚೀಲ ಇಡಬಹುದು. ಟವೆಲ್ ಸುತ್ತಿ, ನಿಮ್ಮ ಮುಂಗೈ ಒಳಭಾಗಕ್ಕೆ ಇಟ್ಟು ನೋಡಿ, ಆಮೇಲೆ ಸೊಂಟಕ್ಕೆ. ಬೇನೆಯಲ್ಲಿ ಚರ್ಮ ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ಜ್ವರವಿದ್ದರೆ ಬೇಡ.

ಸ್ಟೆರೈಲ್ ವಾಟರ್ ಚುಚ್ಚುತ್ತೀರಾ ಅಂತ ಡಾಕ್ಟರನ್ನು ಒಮ್ಮೆ ಕೇಳಿ. ಆ ಗುಳಿಗಳ ಸುತ್ತ 4 ಜಾಗದಲ್ಲಿ ಚರ್ಮದೊಳಗೆ ತಲಾ 0.1 ಮಿ.ಲೀ.ನಷ್ಟು ಬರಿ ಶುದ್ಧ ನೀರು. ಅರ್ಧ ನಿಮಿಷ ಕಡಜ ಕಚ್ಚಿದ ಹಾಗೆ ಉರಿಯುತ್ತದೆ, ಆಮೇಲೆ ಹಲವರಿಗೆ ಒಂದೂವರೆ ಗಂಟೆವರೆಗೆ ಸೊಂಟ ಹಗುರ. ಹೊಟ್ಟೆಯ ಬೇನೆಗೆ ಇದು ಕೆಲಸ ಮಾಡುವುದಿಲ್ಲ. ಎಲ್ಲಾ ಕಡೆ ಮಾಡುವುದೂ ಇಲ್ಲ.

ಎರಡು ಗಂಟೆಗೊಮ್ಮೆ ಮೂತ್ರಕ್ಕೆ ಕಳಿಸಿ, ಇದನ್ನು ಎಲ್ಲರೂ ಮರೆಯುತ್ತಾರೆ. ತುಂಬಿದ ಮೂತ್ರಚೀಲ ನೋವನ್ನೂ ಹೆಚ್ಚಿಸುತ್ತದೆ, ತಲೆ ಇಳಿಯುವುದಕ್ಕೂ ಅಡ್ಡ. ಬೆರಳು, ತುಟಿ ಜುಮ್ಮೆಂದರೆ ಉಸಿರಾಟ ತೀರಾ ವೇಗವಾಗಿದೆ ಅಂತ ಅರ್ಥ. ಎದುರು ಕೂತು, ಬಾಯಿಂದ ನಿಧಾನಕ್ಕೆ ಉದ್ದ ಉಸಿರು ಬಿಡಿಸಿ.

ತುಮಕೂರು_ಅತ್ತಿಗೆ
ಡ್ರಿಪ್ ಹಾಕಿದರೆ ಮಲಗೇ ಇರಬೇಕಾ? ಬೇನೆ ಬೇಗ ಬರಲಿ ಅಂತ ಅತ್ತೆ ಹರಳೆಣ್ಣೆ ಕುಡಿಸಬೇಕು ಅನ್ನುತ್ತಿದ್ದಾರೆ.

ಸಿಸ್ಟರ್_ಲೇಬರ್‌ವಾರ್ಡ್
ಹರಳೆಣ್ಣೆ ಬೇಡವೇ ಬೇಡ. ವಾಂತಿ, ಭೇದಿಯಾಗಿ ಹೆರಿಗೆಗೆ ಮುಂಚೆಯೇ ಸುಸ್ತಾಗುತ್ತಾರೆ.

ಡ್ರಿಪ್ ಇದ್ದರೂ ಮಂಚದ ಪಕ್ಕ ನಿಲ್ಲಬಹುದು, ಕೂರಬಹುದು. ಮಗುವಿನ ಎದೆಬಡಿತ ನೋಡುವ ಮಾನಿಟರ್ ತಂತಿ ಎಷ್ಟು ಉದ್ದವಿದೆ ಅನ್ನುವುದಷ್ಟೇ ಪ್ರಶ್ನೆ. ಮಲಗುವುದಾದರೆ ಎಡಮಗ್ಗುಲು. ಅಂಗಾತ ಮಲಗಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳಗಳ ಮೇಲೆ ಬಿದ್ದು ಬಿಪಿ ಇಳಿಯಬಹುದು. ಗರ್ಭಕೋಶದ ಬಾಯಿ ಪೂರ್ತಿ, ಅಂದರೆ 10 ಸೆಂ.ಮೀ., ತೆರೆಯುವ ಮೊದಲು "ಮುಕ್ಕು, ಮುಕ್ಕು" ಅನ್ನಬೇಡಿ. ಮಗುವಿನ ಬೆನ್ನು ತಾಯಿಯ ಬೆನ್ನಿನ ಕಡೆಗಿದ್ದರೆ ಮುಕ್ಕಬೇಕು ಅನ್ನುವ ಒತ್ತಡ ಬೇಗನೇ ಬರುತ್ತದೆ. ಆಗ ಬಾಯಿಂದ ಫೂ ಫೂ ಅಂತ ಚಿಕ್ಕ ಉಸಿರು ಬಿಡಿಸಿ, ನಮ್ಮನ್ನು ಕರೆಯಿರಿ. ಎರಡು ಬೇನೆ ಮಧ್ಯೆ ಹೊಟ್ಟೆ ಸಡಿಲವಾಗದಿದ್ದರೆ, ರಕ್ತ ಹೋದರೆ, ಒಡೆದು ಹೋಗುವ ಗರ್ಭದ ನೀರು ಹಸಿರಾಗಿದ್ದರೆ ಒತ್ತುವುದು, ಬಾಲ್ ಎಲ್ಲ ಬಿಟ್ಟು ತಕ್ಷಣ ಹೇಳಿ.