ಮಾವನ ಮನೆಯ ಏಳು ವರ್ಷ, 5,04,000 ರೂಪಾಯಿ

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ನಿಮಗೆ 28 ವರ್ಷ, ಕುವೆಂಪುನಗರದಲ್ಲಿ ನಾಲ್ಕು ವರ್ಷದಿಂದ ಕಾಫಿ-ತಿಂಡಿ ಅಂಗಡಿ ನಡೆಸುತ್ತಿದ್ದೀರಿ, 11 ಜನಕ್ಕೆ ಕೆಲಸ ಕೊಟ್ಟಿದ್ದೀರಿ. ಓದಿದ ಕಾಲೇಜಿನವರು ‘ಸ್ವಂತ ಬಲದಿಂದ ಬೆಳೆದವರು’ ಅಂತ ಮಾತಾಡೋಕೆ ಕರೆದಿದ್ದಾರೆ. ಆದರೆ ಶುರುವಿಗೆ ಅಪ್ಪ 12 ಲಕ್ಷ ಕೊಟ್ಟಿದ್ದರು, ಅಂಗಡಿಯೂ ಅಪ್ಪನ ಕಟ್ಟಡದಲ್ಲೇ ಇದೆ, ಬಾಡಿಗೆ ಇಲ್ಲ. ಇದನ್ನು ಹೇಳಬೇಕಾ, ಹೇಳಿದರೆ ನನ್ನ ದುಡಿಮೆಗೆ ಬೆಲೆ ಉಳಿಯುತ್ತಾ, ಇಂಥದ್ದು ಕಂಡವರು ಅನುಭವ ಹೇಳಿ ಅಂದಿದ್ದೀರಿ.

ಹೇಳಿ. ಸುಮ್ನೆ ‘ಅಪ್ಪ-ಅಮ್ಮನ ಆಶೀರ್ವಾದ’ ಅಂತಲ್ಲ, ಮೊತ್ತ ಹೇಳಿ. ಯಾಕೆ ಅಂತ ನನ್ನದೇ ಕಥೆಯಿಂದ ಹೇಳ್ತೀನಿ. ಇದರಲ್ಲಿ ತಪ್ಪು ನನ್ನದು.

ನಮ್ಮದು ಪಾಂಡವಪುರದ ಕಡೆ ಹಳ್ಳಿ. ಅಪ್ಪನದು ಕಬ್ಬಿನ ಗದ್ದೆ, ಜೊತೆಗೆ ಪಾಲುದಾರಿಕೆಯಲ್ಲಿ ಒಂದು ಆಲೆಮನೆ. 2007ರಲ್ಲಿ ಇಂಜಿನಿಯರಿಂಗ್ ಓದೋಕೆ ಮೈಸೂರಿಗೆ ಬಂದೆ. ಸರಸ್ವತಿಪುರಂನಲ್ಲಿ ಸೋದರಮಾವನ ಮನೆ ಇತ್ತು, ಅಲ್ಲೇ ಉಳಿದೆ. 2011ರಲ್ಲಿ ಕೆಲಸ ಸಿಕ್ಕಿತು, ಆಮೇಲೂ ಮೂರು ವರ್ಷ ಅಲ್ಲೇ ಇದ್ದೆ. 2018ರಲ್ಲಿ, 29ನೇ ವಯಸ್ಸಿಗೆ, ವಿಜಯನಗರದಲ್ಲಿ 38 ಲಕ್ಷದ ಫ್ಲ್ಯಾಟ್ ತೆಗೆದುಕೊಂಡೆ. ಗೃಹಪ್ರವೇಶದ ದಿನ ಬಂದವರೆಲ್ಲ ‘ಒಬ್ಬಳೇ ದುಡಿದು ಮನೆ ಮಾಡಿದಳು’ ಅಂದರು. ನಾನೂ ಅದನ್ನೇ ನಂಬಿದ್ದೆ. ಯಾಕಂದ್ರೆ ನಿಜವಾಗಿ ದುಡಿದಿದ್ದೆ, ರಾತ್ರಿ ಪಾಳಿ ಮಾಡಿದ್ದೆ, ಸೀರೆ-ಪ್ರವಾಸ ಅಂತ ಒಂದು ಪೈಸೆ ಕಳೆದಿರಲಿಲ್ಲ.

ಆ ದಿನವೇ ಚಿಕ್ಕಪ್ಪನ ಮಗ ಕೇಳಿದ, ಹೇಗೆ ಮಾಡಿದೆ ಅಕ್ಕ ಅಂತ. ನಾನು ಹೇಳಿದ್ದು: ‘ಮನಸ್ಸು ಮಾಡಿದ್ರೆ ಆಗುತ್ತೆ ಕಣೋ, ಖರ್ಚು ಬಿಗಿಹಿಡಿ.’ ಅವನಿಗೆ ಆಗ ತಿಂಗಳಿಗೆ 38,000 ಸಂಬಳ, ಬಾಡಿಗೆ ರೂಮು, ಊರಿಗೂ ಕಳಿಸಬೇಕು. ನನ್ನ ಮಾತು ನಂಬಿ ಮಾರನೇ ವರ್ಷ ಒಂದು ಸಣ್ಣ ಫ್ಲ್ಯಾಟ್ ಬುಕ್ ಮಾಡಿದ. ಡೌನ್ ಪೇಮೆಂಟಿಗೆ ದುಡ್ಡಿರಲಿಲ್ಲ, 5 ಲಕ್ಷ ಪರ್ಸನಲ್ ಲೋನ್ ತೆಗೆದ. ಶೇ. 15 ಬಡ್ಡಿ, ಐದು ವರ್ಷ, ಅಂದ್ರೆ ಅದೊಂದಕ್ಕೇ ತಿಂಗಳಿಗೆ ಸುಮಾರು 11,900. ಮನೆ ಸಾಲದ ಕಂತು ಬೇರೆ. ಒಂದೂವರೆ ವರ್ಷ ಎಳೆದ. ಆಮೇಲೆ ನಷ್ಟಕ್ಕೆ ಮಾರಿದ. ನಮ್ಮ ಮನೆಗೆ ಬರೋದನ್ನೇ ಬಿಟ್ಟ. ಒಂದು ದಿನ ನಾನೇ ಹುಡುಕಿಕೊಂಡು ಹೋದಾಗ ತಲೆ ತಗ್ಗಿಸಿಕೊಂಡು ಹೇಳಿದ, ‘ನಿನ್ನಂಗೆ ನನಗೆ ಶಿಸ್ತಿಲ್ಲ ಕಣಕ್ಕ.’

ಆ ಮಾತು ಇವತ್ತಿಗೂ ಚುಚ್ಚುತ್ತೆ. ಅವನಿಗೆ ಶಿಸ್ತಿತ್ತು. ನನಗೆ ಮಾವ ಇದ್ದರು.

ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ಮಾವನ ಮನೆಯಲ್ಲಿ ಏಳು ವರ್ಷ, 84 ತಿಂಗಳು. ಆ ಕಾಲದಲ್ಲಿ ಪಿ.ಜಿ.ಯಲ್ಲಿ ಇದ್ದಿದ್ದರೆ ಊಟ-ವಸತಿ ಸೇರಿ ತಿಂಗಳಿಗೆ 6,000 ಅಂತಲೇ ಹಿಡಿಯಿರಿ. 5,04,000 ರೂಪಾಯಿ. ಓದುವ ವರ್ಷಗಳಲ್ಲಿ ಅದು ಅಪ್ಪನ ಸಾಲವಾಗಿ ಬೆಳೆಯಲಿಲ್ಲ, ಕೆಲಸದ ವರ್ಷಗಳಲ್ಲಿ ನನ್ನ ಸಂಬಳದಿಂದ ಹೋಗಲಿಲ್ಲ. ಮನೆ ಸಾಲದಲ್ಲಿ 30 ಲಕ್ಷ ದಾಟಿದರೆ ಬ್ಯಾಂಕು ಮನೆ ಬೆಲೆಯ ಶೇ. 80ರವರೆಗೆ ಮಾತ್ರ ಕೊಡುತ್ತೆ, ಅದು ರಿಸರ್ವ್ ಬ್ಯಾಂಕಿನ ನಿಯಮ. ಹಾಗಾಗಿ 38 ಲಕ್ಷಕ್ಕೆ ನಾನು ಕೈಯಿಂದ ಹಾಕಬೇಕಾಗಿದ್ದು 7.6 ಲಕ್ಷ. ಅದರಲ್ಲಿ 3 ಲಕ್ಷ ಅಪ್ಪ ಕೊಟ್ಟಿದ್ದು, ವಾಪಸ್ ಕೇಳಲೇ ಇಲ್ಲ. ಮಿಕ್ಕಿದ್ದು ನನ್ನ ಉಳಿತಾಯ, ಆದರೆ ಉಳಿಸೋಕೆ ಆಗಿದ್ದು ಯಾಕೆ ಅಂತ ಈಗ ಹೇಳಿದೆನಲ್ಲ. ನೋಂದಣಿ ಖರ್ಚಿಗೆ ಅಮ್ಮ ಸರ ಗಿರವಿ ಇಟ್ಟಿದ್ದರು. ಇದ್ಯಾವುದೂ ಗೃಹಪ್ರವೇಶದ ದಿನ ನನ್ನ ಬಾಯಿಂದ ಬರಲಿಲ್ಲ. ಮುಚ್ಚಿಡಬೇಕು ಅಂತಲ್ಲ, ಅದು ದುಡ್ಡು ಅಂತಲೇ ನನಗೆ ಅನ್ನಿಸಿರಲಿಲ್ಲ.

ನನ್ನ ಜೊತೆ ಅದೇ ದಿನ, ಅದೇ ಸಂಬಳಕ್ಕೆ ಸೇರಿದ ಒಬ್ಬ ಗೆಳೆಯ ಇದ್ದಾನೆ, ಶ್ರೀರಂಗಪಟ್ಟಣದ ಕಡೆಯವನು. ಅಪ್ಪ ಇಲ್ಲ. ಮೊದಲ ಐದು ವರ್ಷ ತಪ್ಪದೆ ತಿಂಗಳಿಗೆ 10,000 ಮನೆಗೆ ಕಳಿಸಿದ. 6 ಲಕ್ಷ ಆಯಿತು. ನನ್ನ ಕಡೆಗೆ 5 ಲಕ್ಷ ಬಂತು, ಅವನ ಕಡೆಯಿಂದ 6 ಲಕ್ಷ ಹೋಯಿತು. ಇಬ್ಬರಿಗೂ ಸಂಬಳದ ಚೀಟಿ ಒಂದೇ. ಇನ್ನೂ ಬಾಡಿಗೆ ಮನೆಯಲ್ಲಿದ್ದಾನೆ ಅಂತ ಅವನನ್ನು ಆಡಿಕೊಂಡವರನ್ನು ನಾನು ಕಂಡಿದ್ದೇನೆ.

ಇನ್ನೊಬ್ಬರ ಅನುಭವ ನಿಮಗೆ ನೇರವಾಗಿ ಉಪಯೋಗಕ್ಕೆ ಬರುತ್ತೆ. ನಾಗಮಂಗಲದ ಕಡೆಯ ಸಹೋದ್ಯೋಗಿ. ಅವರನ್ನೂ ಹೀಗೇ ಕಾಲೇಜಿಗೆ ಕರೆದಿದ್ದರು. ಅವರು ಮೊದಲು ಹೇಳಿದ್ದೇ ಅಕ್ಕನ ವಿಷಯ. ಅಕ್ಕ ಪಿಯುಸಿಗೆ ಓದು ನಿಲ್ಲಿಸಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋದರು, ಇವರ ನಾಲ್ಕು ವರ್ಷದ ಫೀಸು ಹೊಲಿಗೆ ಮಿಷನ್ ಮೇಲಿಂದ ಬಂತು. ವರ್ಷಕ್ಕೆ ಎಷ್ಟು ಕೊಟ್ಟರು, ಹಾಸ್ಟೆಲ್ಲಿಗೆ ಎಷ್ಟು, ಪುಸ್ತಕಕ್ಕೆ ಎಷ್ಟು ಅಂತ ಬೋರ್ಡಿನ ಮೇಲೆ ಬರೆದರಂತೆ. ಮಾತು ಮುಗಿದ ಮೇಲೆ ‘ಸರ್, ಸಕ್ಸಸ್ ಸೀಕ್ರೆಟ್ ಏನು’ ಅಂತ ಯಾರೂ ಕೇಳಲಿಲ್ಲವಂತೆ. ಮೂವರು ಹುಡುಗರು ಬಂದು ಎಜುಕೇಶನ್ ಲೋನ್ ಹೇಗೆ ತೆಗೆಯೋದು ಅಂತ ಕೇಳಿದರು. ಒಬ್ಬ ಹುಡುಗಿ ಬಂದು, ನಮ್ಮ ಮನೆಯಲ್ಲಿ ಆ ಅಕ್ಕ ನಾನೇ ಸರ್ ಅಂದಳಂತೆ. ಇದನ್ನು ಹೇಳುವಾಗ ಅವರ ಗಂಟಲು ಕಟ್ಟಿತ್ತು.

ಇಲ್ಲಿ ನಿಮ್ಮನ್ನು ಒಂದು ಕೇಳಬೇಕು, ಬೇಜಾರಾಗಬೇಡಿ. ನಿಮಗೆ ಅಕ್ಕ ಅಥವಾ ತಂಗಿ ಇದ್ದಾರಾ? ಅಪ್ಪನ ಕಟ್ಟಡ ಅಂದಿರಿ. ಅದು ಪಿತ್ರಾರ್ಜಿತವಾಗಿದ್ದರೆ ಮಗಳಿಗೂ ಮಗನಷ್ಟೇ ಪಾಲು, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದಮೇಲೆ ಹಿಂದೂ ಕುಟುಂಬಗಳಿಗೆ ಇಡೀ ದೇಶದಲ್ಲಿ ಅದು ಕಾನೂನು. ಅವರ ಪಾಲಿನ ಬಾಡಿಗೆಯನ್ನೂ ನೀವು ಉಳಿಸಿಕೊಂಡಿದ್ದರೆ, ಆ ಹೆಸರೂ ನಿಮ್ಮ ಮಾತಿನಲ್ಲಿ ಬರಬೇಕು ಅಂತ ನನಗನ್ನಿಸುತ್ತೆ.

ನಿಮ್ಮ ಲೆಕ್ಕ ನೀವೇ ಹಾಕಿ. ಆ ರಸ್ತೆಯಲ್ಲಿ ಅಷ್ಟು ಜಾಗಕ್ಕೆ ತಿಂಗಳಿಗೆ 35,000 ಬಾಡಿಗೆ ಅಂದುಕೊಳ್ಳಿ, ನಾಲ್ಕು ವರ್ಷಕ್ಕೆ 16.8 ಲಕ್ಷ. 12 ಲಕ್ಷ ಸೇರಿಸಿದರೆ 28.8 ಲಕ್ಷ. ಅಡ್ವಾನ್ಸ್ ಕೊಡದೆ ಉಳಿದದ್ದು ಬೇರೆ. ಇನ್ನು ಲೆಕ್ಕಕ್ಕೇ ಸಿಗದ್ದು ಒಂದಿದೆ: ಅಂಗಡಿ ಮುಚ್ಚಿಹೋಗಿದ್ದರೂ ನೀವು ಮಲಗೋಕೆ ಮನೆ ಇತ್ತು, ಊಟ ಇತ್ತು, ಸಾಲಗಾರ ಬಾಗಿಲಿಗೆ ಬರುತ್ತಿರಲಿಲ್ಲ. ಆ ಧೈರ್ಯದಿಂದಲೇ ಮೊದಲ ಆರು ತಿಂಗಳ ನಷ್ಟವನ್ನು ತಡೆದುಕೊಂಡೆ ಅಂತ ನೀವೇ ಬರೆದಿದ್ದೀರಿ, ಅಲ್ವಾ? ಇದೇ ಮಾತು ಕಾಲೇಜಿನಲ್ಲೂ ಹೇಳಿ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಿಟ್ಟು ನೋಡಿದ್ದು, ಅಡುಗೆಯವರು ಕೈಕೊಟ್ಟ ದಿನ ನೀವೇ ದೋಸೆ ಹುಯ್ದಿದ್ದು, ಅದನ್ನೂ ಅಷ್ಟೇ ಗಟ್ಟಿಯಾಗಿ ಹೇಳಿ. ಅಪ್ಪನ ದುಡ್ಡಿದ್ದೂ ಎರಡೇ ವರ್ಷಕ್ಕೆ ಬಾಗಿಲು ಹಾಕಿದವರು ಬೇಕಾದಷ್ಟು ಜನ ಇದ್ದಾರೆ. ನಿಮ್ಮ ದುಡಿಮೆಗೆ ಬೆಲೆ ಖಂಡಿತ ಇದೆ. ಎದುರಿಗೆ ಕೂತ ಹುಡುಗರು ಇವೆರಡನ್ನೂ ಕೇಳಿಸಿಕೊಂಡು ತಮ್ಮ ಲೆಕ್ಕ ತಾವು ಹಾಕಿಕೊಳ್ಳಲಿ. ಅರ್ಧ ಮಾತ್ರ ಹೇಳಿದರೆ ಅವರಲ್ಲೊಬ್ಬ ನನ್ನ ತಮ್ಮನ ಹಾಗೆ ಸಾಲ ಮಾಡಿ, ಸೋತು, ತನ್ನಲ್ಲೇ ಏನೋ ಕೊರತೆ ಇದೆ ಅಂದುಕೊಳ್ಳುತ್ತಾನೆ.

ನಮ್ಮ ಕಡೆ ಮಕ್ಕಳಿಗೆ ವಿಶ್ವೇಶ್ವರಯ್ಯನವರು ಬೀದಿ ದೀಪದ ಕೆಳಗೆ ಕೂತು ಓದಿದ ಕಥೆ ಹೇಳ್ತೀವಿ. ಅವರ ಹೆಸರಿನ ನಾಲೆ ನೀರಲ್ಲೇ ನಮ್ಮ ಗದ್ದೆ ಬೆಳೆಯೋದು, ಹಾಗಾಗಿ ನಾನು ಚಿಕ್ಕಂದಿನಿಂದ ಕೇಳಿದ್ದು ಅದೇ. ಬೆಂಗಳೂರಿನಲ್ಲಿ ಅವರಿಗೆ ಸೋದರಮಾವ ರಾಮಯ್ಯನವರ ಆಸರೆ ಇತ್ತು, ಮನೆಪಾಠ ಹೇಳಿ ಓದಿಕೊಂಡರು, 1881ರಲ್ಲಿ ಬಿ.ಎ. ಮುಗಿದ ಮೇಲೆ ಪುಣೆಗೆ ಇಂಜಿನಿಯರಿಂಗ್ ಓದೋಕೆ ಹೋಗಿದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ. ಇದೂ ಕಥೆಯ ಜೊತೆಗೇ ಬರಬೇಕಿತ್ತು. ಹಿಂದೆ ಮೈಸೂರಿನಲ್ಲಿ ವಾರಾನ್ನ ಮಾಡಿಕೊಂಡು ಓದಿದವರೂ ಯಾವ ದಿನ ಯಾರ ಮನೆಯಲ್ಲಿ ಊಟ ಅಂತ ಮುದುಕರಾಗುವವರೆಗೆ ನೆನಪಿಟ್ಟುಕೊಂಡಿದ್ದರು.

ಹಾಗೆಯೇ ಅಪ್ಪನ ದುಡ್ಡಿಲ್ಲದವರಿಗೆ ದಾರಿ ಏನಿದೆ ಅನ್ನೋದನ್ನೂ ಎರಡು ಮಾತಲ್ಲಿ ಹೇಳಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಕೈಯಿಂದ ಪಾಲು ಹಾಕಬೇಕಿಲ್ಲ, 7.5 ಲಕ್ಷದವರೆಗೆ ಆಸ್ತಿ ಅಡವಿಡಬೇಕಿಲ್ಲ. ಅಪ್ಪನೋ ಅಮ್ಮನೋ ಜೊತೆಗೆ ಸಹಿ ಹಾಕಬೇಕು. ಓದು ಮುಗಿದು ಒಂದು ವರ್ಷದವರೆಗೆ ಕಂತು ಶುರುವಾಗಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ರಾಜ್ಯ ಸರ್ಕಾರದ ವಿದ್ಯಾಸಿರಿ ಯೋಜನೆಯಲ್ಲಿ ಊಟ-ವಸತಿಗೆ ನೆರವು ಇದೆ. ಕೊನೆಯ ವರ್ಷದವರಿಗಿಂತ ಅವರ ತಮ್ಮ-ತಂಗಿಯರಿಗೆ ಇದು ಜಾಸ್ತಿ ಉಪಯೋಗ.

ಒಂದು ಎಚ್ಚರಿಕೆ. ಹೇಳೋ ಮುಂಚೆ ಅಪ್ಪನನ್ನು ಕೇಳಿ. ದುಡ್ಡಿನ ವಿಷಯ ಹತ್ತು ಜನರ ಮುಂದೆ ಬರೋದು ಎಲ್ಲರಿಗೂ ಇಷ್ಟ ಆಗಲ್ಲ. ನಾನು ಕೇಳಿದಾಗ ನಮ್ಮಪ್ಪ 3 ಲಕ್ಷದ ಮಾತು ಬೇಡ ಅಂದಿದ್ದರು, ನಾಳೆ ನೆಂಟರೆಲ್ಲ ಸಾಲ ಕೇಳೋಕೆ ಬರ್ತಾರೆ ಅಂತ. ಎರಡು ತಿಂಗಳಾದ ಮೇಲೆ ಒಪ್ಪಿದರು. ನಿಮ್ಮ ಅಪ್ಪ ಒಪ್ಪದಿದ್ದರೆ ಮೊತ್ತ ಬಿಟ್ಟು, ‘ಬಾಡಿಗೆ ಕಟ್ಟಿಲ್ಲ, ಬಂಡವಾಳ ಮನೆಯದ್ದು’ ಅಂತಲಾದರೂ ಹೇಳಿ.

ತಮ್ಮನಿಗೆ ಪೂರ್ತಿ ಲೆಕ್ಕ ತೋರಿಸಿ ಕ್ಷಮೆ ಕೇಳಿದೆ. ಹಾಳೆಯನ್ನು ತುಂಬ ಹೊತ್ತು ನೋಡಿದ, ‘ಇದನ್ನ ಅವತ್ತೇ ಹೇಳಬಾರದಿತ್ತಾ ಅಕ್ಕ’ ಅಂದ, ಅಷ್ಟೇ. ಈಗ ಮತ್ತೆ ಮನೆಗೆ ಬರ್ತಾನೆ.

ಹೋದ ಯುಗಾದಿಗೆ ಮಾವನಿಗೂ ಅದೇ ಹಾಳೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದರು. ‘ನನಗ್ಯಾಕವ್ವ ತೋರಿಸ್ತೀಯ, ಏಳು ವರ್ಷ ಬೆಳಿಗ್ಗೆ ಐದಕ್ಕೆ ಎದ್ದು ನಿನ್ನ ಡಬ್ಬಿ ಕಟ್ಟಿದ್ದು ನಿಮ್ಮತ್ತೆ’ ಅಂದರು. ಹಾಳೆಯಲ್ಲಿ ಅತ್ತೆಯ ಹೆಸರೇ ಇರಲಿಲ್ಲ. ಅವರ ಮುಂದೆಯೇ ಕೂತು ಬರೆದೆ.